ಕಣ್ತುಂಬ ನೋಡಬಾರದ ಗಾಡಿ

ರಾಯದುರ್ಗ
ಜೂನ್ 10, 2024

ಮಗಳು ವನಿತಾಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನು, ನಿಮ್ಮವ್ವ, ಹೊಲಿಗೆ ಮಷೀನುಗಳು ಎಲ್ಲ ಕ್ಷೇಮ. ಹಳೇ ಮಷೀನಿಗೆ ಮಾತ್ರ ಎಂದಿನ ಕೆಮ್ಮು ಬಿಟ್ಟಿಲ್ಲ. ಪತ್ರ ಬರೆದು ಎಷ್ಟು ಕಾಲವಾಯಿತೋ, ಪೆನ್ನು ಹಿಡಿದರೆ ಬೆರಳು ಕತ್ತರಿ ಹಿಡಿದ ಹಾಗೇ ಹಿಡಿಯುತ್ತದೆ. ಏನು ಮಾಡಲಿ, ಟೀವಿಯವರು ನಿನ್ನ ಫೋನು ಕಸಿದುಕೊಂಡು ಹೈದರಾಬಾದಿನ ಹೊರಗಿನ ಆ ಶೆಡ್ಡಿನಲ್ಲಿ ಕೂಡಿಹಾಕಿದ್ದಾರೆ. ಆಟ ಮುಗಿಯುವವರೆಗೆ ಪತ್ರ ಬಿಟ್ಟರೆ ಬೇರೆ ದಾರಿಯಿಲ್ಲವಂತೆ. ಅದನ್ನೂ ಮೊದಲು ಅವರು ಓದಿ ಆಮೇಲೆ ನಿನಗೆ ಕೊಡುತ್ತಾರಂತೆ. ಹೊರಗೆ ಏನು ತೋರಿಸುತ್ತಿದ್ದೇವೆ ಅನ್ನುವುದನ್ನು ಬರೆಯಬೇಡಿ ಅಂತ ವಾಗೀಶ್ ಅನ್ನುವವನು ಫೋನು ಮಾಡಿ, ತೆಲುಗಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ. ಆ ಮರ್ಯಾದೆ ಕೇಳಿಯೇ ನನಗೆ ಅನುಮಾನ ಬಂತು.

ಆದರೂ ಬರೆಯುತ್ತೇನೆ. ನಿನ್ನೆ ನಿಮ್ಮ ‘ಗ್ಯಾರೇಜ್ ಮಹಾರಾಜು’ ಸ್ಪರ್ಧೆ ಟೀವಿಯಲ್ಲಿ ಶುರುವಾಯಿತು. ಓಣಿಯವರೆಲ್ಲ ನಮ್ಮ ಮನೆಯಲ್ಲೇ ಕೂತು ನೋಡಿದರು. ಅಷ್ಟು ಜನ ಗಡ್ಡದವರ ನಡುವೆ ನೀನೊಬ್ಬಳೇ ಹುಡುಗಿ. ಹಳೇ ಬುಲೆಟ್ಟುಗಳನ್ನು ಬಿಚ್ಚಿ ಹೊಸ ರೂಪ ಕೊಡುವವಳು, ಜೀನ್ಸ್ ಬಟ್ಟೆಯ ಸೀಟು ಹೊಲಿಯುವವಳು ಅಂತ ‘ಜೀನ್ಸ್ ವನಿತಾ’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ನನ್ನನ್ನು ತೋರಿಸಿದರು. ನೀನು ಹೊರಡುವ ಮುಂಚೆ ಅವರು ಇಲ್ಲಿಗೆ ಬಂದಾಗ ನಾನು ನಿನ್ನ ಹೊಸ ಗಾಡಿಗೆ ದೃಷ್ಟಿ ತೆಗೆದೆನಲ್ಲ, ಅದು. ಕೈಯಲ್ಲಿ ಹಳೇ ಚಪ್ಪಲಿ ಎತ್ತಿದ್ದೇನೆ. ‘ಥೂ’ ಅನ್ನುತ್ತಿದ್ದೇನೆ. ‘ಇದೇನ್ ಗಾಡಿಯೋ ಎಮ್ಮಿಯೋ, ಇದನ್ನ ಯಾರು ಹತ್ತತಾರ’ ಅನ್ನುತ್ತಿದ್ದೇನೆ. ಆ ಚಪ್ಪಲಿಯನ್ನು ನಂಬರ್ ಪ್ಲೇಟಿನ ಕೆಳಗೆ ಕಟ್ಟಿದ್ದನ್ನು ಮಾತ್ರ ತೋರಿಸಲಿಲ್ಲ. ಹಿಂದೆ ಅಳುವ ಪಿಟೀಲು ಬೇರೆ. ಅದರ ಬೆನ್ನಿಗೇ ನಿನ್ನ ಮುಖ. ‘ನಮ್ಮಪ್ಪ ಒಂದು ದಿನವೂ ಚೆನ್ನಾಗಿದೆ ಅಂದಿಲ್ಲ’ ಅಂತ ಹೇಳಿ ಕಣ್ಣೊರೆಸಿಕೊಂಡಿ. ಓಣಿಯವರು ಒಬ್ಬೊಬ್ಬರೇ ಎದ್ದು ಹೋದರು. ಅವರ ಗಾಡಿಗಳಿಗೂ ಚಪ್ಪಲಿ ಕಟ್ಟಿದೆ, ಯಾಕೆ ಕಟ್ಟುತ್ತಾರೆ ಅಂತ ಅವರಿಗೂ ಗೊತ್ತು. ಆದರೆ ಟೀವಿಯಲ್ಲಿ ಬಂದದ್ದು ಸುಳ್ಳಾಗುತ್ತದೆಯೇ?

ನನಗೆ ಒಂದೇ ಒಂದು ತಿಳಿಯಬೇಕು. ಆ ಮಾತು ನೀನೇ ಅಂದದ್ದೋ, ಅವರು ಅನ್ನಿಸಿದ್ದೋ?

ಹೊತ್ತಿಗೆ ಸರಿಯಾಗಿ ಉಣ್ಣು. ವೆಲ್ಡಿಂಗ್ ಮಾಡುವಾಗ ಕನ್ನಡಕ ಮರೆಯಬೇಡ.

ನಿನ್ನ ಅಪ್ಪ,
ಮುದ್ದಪ್ಪ

•

ಕ್ಯಾಂಪ್, ಹೈದರಾಬಾದ್
ಜೂನ್ 24

ಅಪ್ಪಾ,

ನಿನ್ನ ಪತ್ರ ಬಂತು, ಆದರೆ ಅರ್ಧ ಬಂತು. ಮರ್ಯಾದೆ ಕೇಳಿ ಅನುಮಾನ ಬಂತು ಅನ್ನುವವರೆಗೆ ಓದಿ ನಗುತ್ತಿದ್ದೆ. ಆಮೇಲೆ ಬರೀ ಕಪ್ಪು ಮಸಿ. ಕೊನೆಗೆ ‘ನನಗೆ ಒಂದೇ ಒಂದು ತಿಳಿಯಬೇಕು’ ಅಂತಿದೆ, ಮತ್ತೆ ಕಪ್ಪು. ಬೆಳಕಿಗೆ ಹಿಡಿದೆ, ತಿರುವಿ ಹಿಡಿದೆ, ಒಂದಕ್ಷರವೂ ಕಾಣಲಿಲ್ಲ. ಅಷ್ಟು ಉದ್ದಕ್ಕೆ ನೀನು ಏನು ಬರೆದೆ? ಅವ್ವನಿಗೆ ಏನಾದರೂ ಆಯಿತಾ? ಭುಜದ ನೋವು ಹೆಚ್ಚಾಯಿತಾ? ಪತ್ರದ ಕೊನೆಯಲ್ಲಿ ಅವ್ವ ಒಂದು ಸಾಲಾದರೂ ಗೀಚುತ್ತಾಳೆ ಅಂದುಕೊಂಡಿದ್ದೆ, ಅದೂ ಇಲ್ಲ. ಆವತ್ತಿನಿಂದ ಕೆಲಸಕ್ಕೆ ಕೈ ಹತ್ತುತ್ತಿಲ್ಲ. ನಿನ್ನೆ ಟಾಂಕಿ ಕೂರಿಸುವಾಗ ಬೋಲ್ಟಿನ ಬದಲು ಬೆರಳನ್ನೇ ತಿರುವಿಕೊಂಡೆ.

ಕನ್ನಡದ ಪತ್ರಗಳನ್ನು ಓದುವವಳು ಮೌನಿಕಾ ಅಂತ. ಬಳ್ಳಾರಿ ಕಡೆಯವಳು. ಕೇಳಿದರೆ ‘ಮನೇಲಿ ಎಲ್ಲ ಆರಾಮ್ ಅದಾರ, ಅಷ್ಟ ಹೇಳ್ತೀನಿ’ ಅಂದಳು. ಅಷ್ಟು ಹೇಳಿದ ಮೇಲೆ ನನ್ನ ಭಯ ಇನ್ನೂ ಹೆಚ್ಚಾಯಿತು.

ಇಲ್ಲಿ ಕೆಲಸ ಚೆನ್ನಾಗಿ ನಡೆದಿದೆ. ಕೆಲವರು ಆಗಲೇ ಮನೆಗೆ ಹೋದರು, ನಾನು ಉಳಿದಿದ್ದೇನೆ. ಗೆದ್ದವರಿಗೆ ಸ್ವಂತ ಗ್ಯಾರೇಜು ಹಾಕಿಕೊಡುತ್ತಾರೆ. ಆಗ ಮಡಕಶಿರಾದಲ್ಲಿ ನಾನು ಗಾಡಿ ಕಟ್ಟುವ ನರಸಕ್ಕತ್ತೆಯ ಹಿತ್ತಿಲ ಶೆಡ್ಡು ಖಾಲಿ ಮಾಡಿ ಅವರ ಮೇಕೆಗಳಿಗೆ ಬಿಟ್ಟುಕೊಡಬಹುದು. ಸಂಜೆ ವಾಗೀಶ್ ಸಾರ್ ಚಹಾ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಾರೆ, ಮನೆ ಬಗ್ಗೆ ಕೇಳುತ್ತಾರೆ. ಕೇಳಿದ್ದಕ್ಕೆ ಹೇಳುತ್ತೇನೆ. ಎದುರಿಗೆ ಕ್ಯಾಮೆರಾ ಇದೆ ಅನ್ನುವುದು ಮರೆತೇ ಹೋಗುತ್ತದೆ.

ಬೇಗ ಬರಿ. ಮಸಿ ಬಳಿಯಲು ಆಗದ ಹಾಗೆ ಬರಿ.

ವನಿತಾ

•

ರಾಯದುರ್ಗ
ಜುಲೈ 4

ಮಗಳೇ,

ಅವ್ವನಿಗೆ ಏನೂ ಆಗಿಲ್ಲ. ಈಗಷ್ಟೇ ನನ್ನನ್ನು ಬೈದು ಒಳಗೆ ಹೋದಳು. ಗಟ್ಟಿಯಾಗಿಯೇ ಬೈದಳು. ಹೆದರಬೇಡ.

ಹೊರಗಿನ ಸುದ್ದಿ ಬರೆಯುವುದಿಲ್ಲ. ಊರಿನಲ್ಲಿ ಮಂದಿ ನನ್ನನ್ನು ಮಾತಾಡಿಸುವುದು ಹೆಚ್ಚಾಗಿದೆ ಅಂತ ಮಾತ್ರ ತಿಳಿ. ಮೊನ್ನೆ ಬೊಮ್ಮನಹಾಳದಿಂದ ಒಬ್ಬ ಹಿರಿಯರು ಪ್ಯಾಂಟಿನ ಬಟ್ಟೆ ತಂದರು. ಅಳತೆ ಕೊಡುತ್ತಾ ಕೊಡುತ್ತಾ ನನ್ನ ಮುಖ ನೋಡಿ, ‘ಮುದ್ದಪ್ಪ ಅಂದ್ರ ನೀವ ಏನ್ರಿ?’ ಅಂದರು. ‘ಹೌದ್ರಿ’ ಅಂದೆ. ಟೇಪು ನನ್ನ ಕೈಯಲ್ಲೇ ಉಳಿಯಿತು, ಬಟ್ಟೆ ಎತ್ತಿಕೊಂಡು ಹೋದರು. ಯಾಕೆ ಅಂತ ನಾನು ಬರೆಯುವ ಹಾಗಿಲ್ಲ, ನೀನು ಕೇಳುವ ಹಾಗಿಲ್ಲ. ನಮ್ಮಿಬ್ಬರ ನಡುವೆ ಮಾತು ಇಷ್ಟು ದುಬಾರಿಯಾದದ್ದು ಇದೇ ಮೊದಲು.

ಹೋದ ಪತ್ರದಲ್ಲಿ ಕೇಳಿದ್ದನ್ನೇ ಬೇರೆ ಥರ ಕೇಳುತ್ತೇನೆ. ಈ ಪತ್ರ ಓದುತ್ತಿರುವ ಮೌನಿಕಾ ತಾಯಿ, ನಿನಗೂ ಒಬ್ಬ ಅಪ್ಪ ಇರಬೇಕು, ಇದೊಂದು ಸಾಲು ಬಿಡವ್ವ. ವನಿತಾ, ವಾಗೀಶನ ಹತ್ತಿರ ನೀನು ನನ್ನ ಬಗ್ಗೆ ಹೇಳಿದೆಯಲ್ಲ, ಅದು ನಿನ್ನ ಮನಸ್ಸಿನಲ್ಲಿ ಇದ್ದದ್ದೇ? ಹೌದು ಅಥವಾ ಇಲ್ಲ ಅಂತ ಬರೆದರೆ ಸಾಕು. ಇಲ್ಲ ಅಂದರೆ ನಾನು ಯಾರ ಹತ್ತಿರ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಹೌದು ಅಂದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಬೆರಳಿಗೆ ಅರಿಶಿನ ಹಚ್ಚು.

ಅಪ್ಪ

•

ಕ್ಯಾಂಪ್
ಜುಲೈ 15

ಅಪ್ಪಾ,

ಮೌನಿಕಾ ಆ ಸಾಲು ಬಿಟ್ಟಿದ್ದಾಳೆ.

ಹೌದು.

ಇಷ್ಟಕ್ಕೇ ನಿಲ್ಲಿಸೋಣ ಅಂದುಕೊಂಡು ಹಾಳೆ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಜನರೆದುರಿಗೆ ಬೈದದ್ದಕ್ಕೆ ನನಗೆ ಬೇಜಾರಿಲ್ಲ. ಹೊಸ ಗಾಡಿಗೆ ಚಪ್ಪಲಿ, ಪೊರಕೆ, ನಿಂಬೆಹಣ್ಣು, ಎಮ್ಮೆ ಅನ್ನುವ ಬೈಗುಳ ಇವೆಲ್ಲ ದೃಷ್ಟಿಗೆ ಅಂತ ನನಗೂ ಗೊತ್ತು, ನಾನೇನು ಅಮೆರಿಕಾದಲ್ಲಿ ಹುಟ್ಟಿದವಳೇ? ಆದರೆ ಯಾರೂ ಇಲ್ಲದಾಗ? ಮನೆಯೊಳಗೆ ನಾವು ಮೂವರೇ ಇದ್ದಾಗ? ಆಗ ಯಾರ ಕಣ್ಣು ಬೀಳುತ್ತಿತ್ತು?

ಹದಿನೈದು ವರ್ಷದವಳಿದ್ದಾಗ ಪ್ಯಾಂಟಿನ ಚೂರುಗಳನ್ನು ಜೋಡಿಸಿ ಬೆಳುಗುಪ್ಪದವರ ಗಾಡಿಗೆ ಒಂದು ಸೀಟು ಹೊಲಿದೆ. ನನ್ನ ಮೊದಲ ಸೀಟು. ಹಳದಿ ದಾರದ ಡಬಲ್ ಹೊಲಿಗೆ. ಅಂಗಡಿ ಬಾಗಿಲು ಹಾಕಿದ ಮೇಲೆ ನಿನ್ನ ಮುಂದೆ ಹಿಡಿದೆ. ನೀನು ಓರೆಗಣ್ಣಿನಲ್ಲಿ ನೋಡಿ ‘ಹೊಲಿಗಿ ಹಾವು ಹರದಂಗ ಐತಿ’ ಅಂದು ಕೈ ತೊಳೆಯಲು ಹೋದೆ. ನಾನು ಅದನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ. ಇವತ್ತಿಗೂ ಪ್ರತಿ ಸೀಟನ್ನೂ ಒಂದು ಸಲ ಬಿಚ್ಚಿಯೇ ಬಿಚ್ಚುತ್ತೇನೆ. ಇಲ್ಲಿಯವರು ಅದನ್ನು ನನ್ನ ಸ್ಟೈಲು ಅನ್ನುತ್ತಾರೆ. ಅದು ಸ್ಟೈಲಲ್ಲ, ಭಯ. ಕಟ್ಟಿದ ಯಾವ ಗಾಡಿಯನ್ನೂ ನಾನು ನೆಮ್ಮದಿಯಿಂದ ಹತ್ತಿಲ್ಲ. ನಿನಗೆ ಕಂಡ ತಪ್ಪು ನನಗೆ ಕಾಣದೆ ಎಲ್ಲಿ ಉಳಿದಿದೆಯೋ ಅಂತ ಮಡಕಶಿರಾ ಹತ್ತಿರದ ರತ್ನಗಿರಿಯ ಏರು ಹತ್ತುವಾಗಲೆಲ್ಲ ಅನಿಸುತ್ತದೆ.

ವಾಗೀಶ್ ಸಾರ್ ಕೇಳಿದರು, ಹೇಳಿದೆ. ಹೇಳುವಾಗ ಅಳು ಬಂತು. ಅದನ್ನು ಹೊರಗೆ ಏನು ಮಾಡಿದರೋ ನನಗೆ ಗೊತ್ತಿಲ್ಲ. ನಿನಗೆ ತೊಂದರೆಯಾಗಿದ್ದರೆ ನನ್ನನ್ನು ಬೈದು ಬರಿ. ಸುಮ್ಮನೆ ಮಾತ್ರ ಇರಬೇಡ.

ವನಿತಾ

•

ರಾಯದುರ್ಗ
ಜುಲೈ 24

ಮಗಳೇ, ನಿನ್ನ ಪತ್ರ ಬಂತು. ಓದಿದೆ. ಇಲ್ಲಿ ಎಲ್ಲ ಕ್ಷೇಮ.

ಅಪ್ಪ

•

(ಅದೇ ಕವರಿನಲ್ಲಿ)

ವನಿತಾ,

ನಿಮ್ಮಪ್ಪ ಆ ಎರಡು ಸಾಲು ಬರೆಯಲು ಮೂರು ಹಾಳೆ ಹರಿದರು. ಅಂಟಿಸುವ ಮೊದಲು ನಾನು ಇದನ್ನು ಒಳಗೆ ತುರುಕುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಯಾರೂ ಇಲ್ಲದಾಗ ಯಾರ ಕಣ್ಣು ಅಂತ ಕೇಳಿದ್ದೀ. ನಿಮ್ಮಪ್ಪನದೇ ಕಣ್ಣು! ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು ಎಲ್ಲಕ್ಕೂ ಮದ್ದುಂಟು, ಹೆತ್ತವರ ಕಣ್ಣು ಬಿದ್ದರೆ ಮದ್ದಿಲ್ಲ ಅಂತ ಅವರ ತಾಯಿ ತಲೆಗೆ ತುಂಬಿ ಹೋಗಿದ್ದಾರೆ. ಮದುವೆಯಾದ ಹೊಸದರಲ್ಲಿ ಬಳ್ಳಾರಿಯ ಸೇಠರ ಮುಂದೆ ‘ನನ್ನ ಹೆಂಡತಿ ಕೈಗೆ ಸಾಟಿಯಿಲ್ಲ’ ಅಂದುಬಿಟ್ಟರಂತೆ. ಅದೇ ವಾರ ನನ್ನ ಭುಜ ಹಿಡಿಯಿತು. ಗಿಡ್ಡ ಸ್ಟೂಲಿನ ಮೇಲೆ ಕೂತು ಹಗಲೆಲ್ಲ ದಪ್ಪ ಬಟ್ಟೆ ಹೊಲಿದರೆ ಭುಜ ಹಿಡಿಯದೆ ಇನ್ನೇನು ಹಿಡಿಯುತ್ತದೆ? ಅವರಿಗೆ ಹೇಳುವವರು ಯಾರು. ಅವತ್ತಿನಿಂದ ನನ್ನ ಸಾರಿಗೂ ಉಪ್ಪು ಹೆಚ್ಚು, ನಿನ್ನ ಗಾಡಿಯೂ ಎಮ್ಮೆ.

ಆ ಮೊದಲ ಸೀಟು ನೀನು ಬಿಚ್ಚುವ ಮುಂಚೆ ನಡೆದದ್ದು ಕೇಳು. ನೀನು ಮುಖ ಊದಿಸಿಕೊಂಡು ಮಹಡಿ ಹತ್ತಿದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕಣ್ಣು ಮುಚ್ಚಿಕೊಂಡು ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ಕುರುಡರು ಮೊಮ್ಮಗನ ಮುಖ ತಡವುವ ಹಾಗೆ. ನಾನು ನಕ್ಕೆ. ‘ಸುಮ್ನಿರ, ಕಣ್ತುಂಬ ನೋಡಬಾರದು’ ಅಂದರು. ಈಗ ಮಡಕಶಿರಾಕ್ಕೆ ಹೋದಾಗಲೂ ಅದೇ ಕಥೆ. ನರಸಕ್ಕ ಫೋನಿನಲ್ಲಿ ಹೇಳುತ್ತಿದ್ದಳು: ‘ನಿನ್ ಗಂಡ ಬತ್ತಾನೆ ಕಣೆ, ಶೆಡ್ಡಾಗೆ ಸ್ಟೂಲ್ ಹಾಕ್ಕಂಡು ಕುಂತ್ಕಂತಾನೆ, ಗಾಡಿಗೆ ಬೆನ್ನು ಮಾಡ್ಕಂಡು. ಇವ್ನಿಗೇನು ಬಂತೇ?’

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮನುಷ್ಯ ಹೆಗ್ಗಣ ಅನ್ನುವುದನ್ನು ಬಾಯಿಬಿಟ್ಟು ಅಂದರು, ಮುದ್ದು ಅನ್ನುವುದನ್ನು ನುಂಗಿದರು. ನಾನಾದರೂ ನಿನಗೆ ಹೇಳಬಹುದಿತ್ತು. ನಿನಗೆ ಗೊತ್ತೇ ಇದೆ ಅಂದುಕೊಂಡಿದ್ದೆ.

ಇನ್ನೊಂದು. ವಾಗೀಶ್ ಫೋನು ಮಾಡಿದ್ದ. ಫೈನಲ್ಲಿಗೆ ಅಪ್ಪ ಬರಬೇಕಂತೆ, ಜನರೆದುರಿಗೆ ಕ್ಷಮೆ ಕೇಳಿ, ಮಗಳ ಗಾಡಿಯನ್ನು ಹೊಗಳಬೇಕಂತೆ. ಹೊಗಳಿದರೆ ವೋಟು ಬಂದು ಬೀಳುತ್ತವಂತೆ. ಕೋಟಿ ಜನ ನೋಡುತ್ತಾರೆ ಅಂತ ಆಸೆ ಹುಟ್ಟಿಸಲು ಹೇಳಿದ. ಕೋಟಿ ಕಣ್ಣು ಅಂತ ಕೇಳಿದ್ದೇ ತಡ, ನಿಮ್ಮಪ್ಪ ಬೆವತುಹೋದರು. ಆವತ್ತಿನಿಂದ ಹೋಗುತ್ತೇನೆ ಅಂತಲೂ ಇಲ್ಲ, ಒಲ್ಲೆ ಅಂತಲೂ ಇಲ್ಲ. ಸೂಜಿಗೆ ದಾರ ಪೋಣಿಸುತ್ತಾರೆ, ಹೊಲಿಯದೆ ತೆಗೆಯುತ್ತಾರೆ.

ಅವ್ವ,
ಬನಶಂಕರಮ್ಮ

•

ಕ್ಯಾಂಪ್
ಆಗಸ್ಟ್ 6

ಅಪ್ಪಾ,

ಅವ್ವನ ಪತ್ರಕ್ಕೆ ಮೌನಿಕಾ ಒಂದು ಚುಕ್ಕೆ ಮಸಿಯನ್ನೂ ಹಾಕಲಿಲ್ಲ. ಕವರು ಕೈಗಿಟ್ಟು ತಿರುಗಿ ನೋಡದೆ ಹೋದಳು.

ನಿನ್ನ ಮೇಲೆ ಸಿಟ್ಟು ಬಂತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಬೆನ್ನು ಮಾಡಿ ಕೂರುವ ಬದಲು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಎಷ್ಟು ಸೀಟು ಬಿಚ್ಚುವುದು ತಪ್ಪುತ್ತಿತ್ತು! ಒಂದು ದಿನವೆಲ್ಲ ಸಿಟ್ಟಿನಲ್ಲೇ ಸ್ಪ್ಯಾನರ್ ಕುಟ್ಟಿದೆ. ಆಮೇಲೆ, ನೀನು ಕಣ್ಣು ಮುಚ್ಚಿಕೊಂಡು ಹೊಲಿಗೆ ತಡವಿದ್ದು ನೆನಪಾಗಿ ಟಾಂಕಿಗೆ ತಲೆಯಿಟ್ಟು ಅತ್ತೆ. ಕ್ಯಾಮೆರಾದವನು ಓಡಿ ಬಂದ. ಗ್ರೀಸು ಕಣ್ಣಿಗೆ ಹೋಯಿತು ಅಂದೆ.

ಈಗ ಮುಖ್ಯ ಮಾತು. ಹತ್ತನೇ ತಾರೀಖು ಫೈನಲ್ ವೇದಿಕೆ. ಹನ್ನೆರಡನೇ ತಾರೀಖು ಕೊನೆಯ ಪರೀಕ್ಷೆ. ಕಟ್ಟಿದ ಗಾಡಿಯನ್ನು ಕಟ್ಟಿದವರೇ ಓಡಿಸಿಕೊಂಡು ಘಾಟಿ ಇಳಿಯಬೇಕು. ಇಲ್ಲಿ ಮಳೆ ಹಿಡಿದಿದೆ, ರಸ್ತೆ ಜಾರುತ್ತದೆ. ನನಗೆ ಅದರ ಚಿಂತೆಯಿಲ್ಲ, ನಿನ್ನ ಚಿಂತೆ. ನೀನು ಬಾ, ನೋಡಿ ಎಷ್ಟು ದಿನವಾಯಿತು. ಆದರೆ ಚೆನ್ನಾಗಿದೆ ಅನ್ನುವ ಆ ಮಾತು ಅನ್ನಬೇಡ. ವಾಗೀಶ್ ಸಾರ್ ಎಷ್ಟು ಕೇಳಿದರೂ ಅನ್ನಬೇಡ. ಎಮ್ಮೆ ಅಂದುಬಿಡು, ಮಂದಿ ಏನಾದರೂ ಅಂದುಕೊಳ್ಳಲಿ. ಕೋಟಿ ಜನರ ಮುಂದೆ ಹೊಗಳಿ ಊರಿಗೆ ಹೋಗಿ, ನಾನು ಘಾಟಿ ಇಳಿಯುವವರೆಗೆ ನೀನು ಉಸಿರು ಹಿಡಿದುಕೊಂಡು ಕೂರುವುದು ಬೇಡ. ಆ ವೋಟೂ ನನಗೆ ಬೇಡ. ನನಗೆ ಕೇಳಬೇಕಾದದ್ದು ಅವ್ವನ ಪತ್ರದಲ್ಲೇ ಕೇಳಿಸಿತು.

ಈ ಪತ್ರ ನೀನು ಹೊರಡುವ ಮುಂಚೆ ಸಿಗಬೇಕು. ಬೇಗ ಕಳಿಸು ಅಂತ ಮೌನಿಕಾಳ ಕೈ ಹಿಡಿದು ಹೇಳಿದ್ದೇನೆ.

ನಿನ್ನ ವನಿತಾ

•

ರಾಯದುರ್ಗ
ಆಗಸ್ಟ್ 12

ವನಿತಾ,

ನಿನ್ನ ಪತ್ರ ಹತ್ತನೇ ತಾರೀಖು ಮನೆಗೆ ಬಂದಿದೆ. ನಾನು ಒಂಬತ್ತನೇ ತಾರೀಖೇ ಬಸ್ಸು ಹತ್ತಿದ್ದೆ. ನಿನ್ನೆ ಬಂದು ಕಾಲು ತೊಳೆಯುವ ಮುಂಚೆಯೇ ನಿಮ್ಮವ್ವ ಅದನ್ನು ಕೈಗಿಟ್ಟಳು.

ಅಲ್ಲಿ ನಿನ್ನ ಹತ್ತಿರ ಒಂದು ಮಾತಾಡಲೂ ಬಿಡಲಿಲ್ಲ. ಅದಕ್ಕೇ ಎಲ್ಲ ಬರೆಯುತ್ತೇನೆ. ವೇದಿಕೆಯ ಹಿಂದೆ ವಾಗೀಶ್ ನನಗೊಂದು ಮಾಸಿದ ಅಂಗಿ ಕೊಟ್ಟು, ಬಡವನ ಹಾಗೆ ಕಾಣಬೇಕು, ತೊಟ್ಟುಕೊಳ್ಳಿ ಅಂದ. ಕಾಲರು ಹರಿದಿತ್ತು. ಒಬ್ಬ ದರ್ಜಿಗೆ ಹರಿದ ಕಾಲರು! ‘ನಮ್ಮ ಅಂಗೀನೇ ಇರಲ್ರಿ’ ಅಂದೆ. ಕಣ್ಣೀರು ಹಾಕಿ ಕ್ಷಮೆ ಕೇಳಿ ಅಂದ. ‘ತಪ್ಪು ಮಾಡೀನ್ರಿ, ಆದ್ರ ಅದನ್ನ ಮಗಳ ಹತ್ರ ಮನ್ಯಾಗ ಕೇಳ್ತೀನಿ’ ಅಂದೆ. ಅವನ ಮುಖ ಸಪ್ಪಗಾಯಿತು. ಹೊಗಳುವುದಾದರೂ ಹೊಗಳುತ್ತೀರಾ ಅಂತ ಕೇಳಿದ. ನಾನು ವೇದಿಕೆ ಹತ್ತಿದೆ.

ಆಮೇಲೆ ನೀನು, ಗಾಡಿ, ಅಷ್ಟು ದೀಪ, ಅಷ್ಟು ಜನ. ನಾನು ಗಾಡಿಯ ಸುತ್ತ ಒಂದು ಸುತ್ತು ಬಂದೆನಲ್ಲ, ಜನ ಅದನ್ನು ನಾಟಕ ಅಂದುಕೊಂಡಿರಬೇಕು. ನಾನು ನಿಜವಾಗಿ ನೋಡುತ್ತಿದ್ದೆ. ನೀನು ಕಟ್ಟಿದ ಗಾಡಿಯನ್ನು ಕಣ್ಣು ಬಿಟ್ಟು ನೋಡಿದ್ದು ಅದೇ ಮೊದಲು. ಟಾಂಕಿಯ ಬಳುಕು, ಅದರ ಕೆಳಗೆ ವೈರು ಕಾಣದ ಹಾಗೆ ಹೊಲಿದಿಟ್ಟ ಚರ್ಮ, ಹ್ಯಾಂಡಲ್ಲಿನ ಎತ್ತರ. ಸೀಟಿನ ಎಡಮೂಲೆಯಲ್ಲಿ ಒಂದು ಹೊಲಿಗೆ ಹಾರಿದೆ. ಕಂಡಿತು. ಹೇಳಲಿಲ್ಲ. ಕಣ್ತುಂಬ ನೋಡಿದೆ. ಇಂಥ ಕಣ್ಣೇ ಕೆಟ್ಟದ್ದು ಅಂತ ನಮ್ಮವ್ವ ಹೇಳುತ್ತಿದ್ದಳು, ಅದೂ ಗೊತ್ತಿತ್ತು. ‘ಚೊಲೋ ಐತವ್ವ. ಇಲ್ಲಿರೋ ಎಲ್ಲಾ ಗಾಡಿಗಿಂತ ಚೊಲೋ ಐತಿ’ ಅಂದೆ.

ಒಂದೇ ಸಲ ಅಂದು ಇಳಿಯೋಣ ಅಂದುಕೊಂಡಿದ್ದೆ. ಆ ನಿರೂಪಕ ಪುಣ್ಯಾತ್ಮ ತೆಲುಗಿನಲ್ಲೂ ಹೇಳಿ ಅಂದ. ಹೇಳಿದೆ. ಆಮೇಲೆ ಲೈಟು ಸರಿ ಬರಲಿಲ್ಲ, ಮತ್ತೊಮ್ಮೆ ಅಂದರು. ಮತ್ತೊಮ್ಮೆ ಹೇಳಿದೆ. ಮೂರು ಸಲ, ಎರಡು ಭಾಷೆಯಲ್ಲಿ, ಮಗಳು ಘಾಟಿ ಇಳಿಯುವ ಎರಡು ದಿನ ಮುಂಚೆ! ನನ್ನ ತಾಯಿ ಇದ್ದಿದ್ದರೆ ಅಲ್ಲೇ ಪೊರಕೆ ಹಿಡಿಯುತ್ತಿದ್ದಳು.

ನೀನು ಪ್ರತಿ ಸಲವೂ ಬಾಯಿಗೆ ಕೈ ಇಟ್ಟುಕೊಂಡು ತಲೆ ಅಲ್ಲಾಡಿಸಿದಿ. ಇಷ್ಟು ವರ್ಷ ಅನ್ನದವನು ಇವತ್ತು ಅಂದರೆ ಮಗಳು ಹೇಗೆ ನಂಬಿಯಾಳು ಅಂದುಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಕೊರೆಯಿತು. ಮನೆಗೆ ಬಂದು ನಿನ್ನ ಪತ್ರ ಓದಿದ ಮೇಲೆ ತಿಳಿಯಿತು, ನೀನು ಬೇಡ ಬೇಡ ಅನ್ನುತ್ತಿದ್ದೆ ಅಂತ. ಪತ್ರ ಹಿಡಿದುಕೊಂಡು ಹೊಸ್ತಿಲ ಮೇಲೇ ಕೂತುಬಿಟ್ಟೆ. ನಿಮ್ಮವ್ವ ನನ್ನನ್ನು ಬೈಯಲಿಲ್ಲ.

ಅದು ಮೊದಲೇ ಸಿಕ್ಕಿದ್ದರೂ ನಾನು ಅನ್ನುತ್ತಿದ್ದೆ ಮಗಳೇ. ನನ್ನ ಕಣ್ಣಿನಿಂದ ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ನಾನು ಇತ್ತ ಮುಖ ಮಾಡಿ ಕೂತಿದ್ದೆ. ಅತ್ತ ನೀನು ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಅದಕ್ಕಿಂತ ಕೆಟ್ಟ ಕಣ್ಣು ಇನ್ಯಾರದಿದ್ದೀತು? ಹೆದರಿದವನು ನಾನು, ಪಥ್ಯ ಮಾಡಿದವಳು ನೀನು.

ಈ ಹೊತ್ತಿಗೆ ನೀನು ಘಾಟಿಯಲ್ಲಿರಬೇಕು. ಅಲ್ಲಿ ಮಳೆಯೋ ಬಿಸಿಲೋ ತಿಳಿಯದು. ‘ಬರ್ರಿ, ಅನ್ನ ಆರತೈತಿ’ ಅಂತ ನಿಮ್ಮವ್ವ ಎರಡು ಸಲ ಕರೆದಳು, ಏಳಲು ಮನಸ್ಸಿಲ್ಲ. ಅವಳೂ ಉಂಡಿಲ್ಲ, ಒಲೆಯ ಮುಂದೆ ಸುಮ್ಮನೆ ನಿಂತಿದ್ದಾಳೆ. ಹೆದರಿಕೆ ಹೋಗಿಲ್ಲ, ಇನ್ನು ಈ ವಯಸ್ಸಿನಲ್ಲಿ ಹೋಗುವುದೂ ಇಲ್ಲ. ಅದು ನನ್ನದು, ನನ್ನ ಹತ್ತಿರವೇ ಇರಲಿ. ಇಲ್ಲಿ ಕ್ಯಾಮೆರಾ ಇಲ್ಲ, ಯಾರೂ ಕೇಳಿಲ್ಲ. ಗಾಡಿ ಚೊಲೋ ಐತಿ.

ನಿನ್ನ ಅಪ್ಪ,
ಮುದ್ದಪ್ಪ